ಅಪ್ಪ ಹಾಡಿದ ಹಾಡು

ಶ್ರೀನಿವಾಸಪುರಕ್ಕೆ ಬಂದ ಮೊದಲ ಭಾನುವಾರ ಬೆಳಿಗ್ಗೆ, ಬಾಡಿಗೆ ಮನೆಯ ಹಿಂದಿನ ಶೀಟಿನ ಕಟ್ಟಡದಿಂದ ಜನ ಚಪ್ಪಾಳೆ ತಟ್ಟುತ್ತ ಹಾಡುವುದು ಕೇಳಿಸಿತು: 'ತಂಡ್ರೀ, ನೀ ಮಾಟ ಚಾಲು!' ಹಲ್ಲುಜ್ಜುತ್ತಿದ್ದವನು ಹಾಗೇ ನಿಂತೆ. ನಮ್ಮ ಬೀದರಿನಲ್ಲಿ ಚಾಲು ಎಂದರೆ ಶುರು, ಮಾಟವೆಂದರೆ ಮಾಟವೇ. ನಿನ್ನ ಮಾಟ ಶುರುವಾಯಿತೆಂದು ಇಷ್ಟು ಸಂತೋಷದಿಂದ ಹಾಡುವವರು ಯಾರಪ್ಪಾ?

ಮನೆಯೊಡತಿ ರತ್ನಮ್ಮ ಸೊಂಟ ಹಿಡಿದುಕೊಂಡು ನಕ್ಕರು. "ಅಯ್ಯೋ ಸಾರ್, ಅದು ಚರ್ಚು, ಹಾಡೋದು ತೆಲುಗು! ಮಾಟ ಅಂದ್ರೆ ಮಾತು, ಚಾಲು ಅಂದ್ರೆ ಸಾಕು. ತಂದೇ, ನಿನ್ ಮಾತೊಂದು ಸಾಕು ಅಂತವ್ರೆ. ಕಾಲೇಜಲ್ಲಿ ಪಾಠ ಹೇಳೋರು, ಇಷ್ಟೂ ಬರಲ್ವಾ? ನಮ್ ಹಸೂಗೂ ಬರ್ತದೆ ಕಣಪ್ಪಾ!"

ಹೀಗೆ ಶುರುವಾಯಿತು ನನ್ನ ಕಲಿಕೆ. ಜೋಳದ ರೊಟ್ಟಿ ಅಗಿದು ಬೆಳೆದವನಿಗೆ, ಮುದ್ದೆಯನ್ನು ಅಗಿಯಬಾರದೆಂಬುದೇ ಒಂದು ವಾರದ ಪಾಠವಾಯಿತು. "ಹಾಲು ಒಯ್ಲಾಕ ಬಂದೀನಿ" ಎಂದರೆ ಅಂಗಡಿಯವನು, "ಲಾಕಾ? ಬೀಗ ಎಲ್ಲಾ ಮುಂದಿನಂಗ್ಡೀಲಿ ಸಾರ್" ಎಂದ.

ಚರ್ಚಿನ ಚಾಪೆಯ ಮೇಲೆ ಕಂಚಿನ ತಾಳಕ್ಕಾಗಿ ಜಗಳಾಡಿ, ಹಾಡಿನ ಪುಸ್ತಕದಲ್ಲಿ ನಂಬರನ್ನು ಮೊದಲು ಹುಡುಕುವ ಪಂದ್ಯ ಕಟ್ಟಿ ಬೆಳೆದವನು ನಾನು. ಆಮೇಲೆ ಚರಿತ್ರೆ ಓದಿದೆ. ಸಾಕ್ಷಿಯಿಲ್ಲದ್ದನ್ನು ಒಪ್ಪದಿರುವ ಚಟ ಹತ್ತಿ ಚರ್ಚು ಬಿಟ್ಟೆ, ಕೊನೆಗೆ ನನ್ನ ನೆನಪುಗಳನ್ನೇ ಅನುಮಾನಿಸತೊಡಗಿದೆ. ಒಂದನ್ನು ಮಾತ್ರ ಬಿಡಲಾಗಿರಲಿಲ್ಲ: ಅಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದ ಒಂದು ಹಾಡು, ಅವನ ಬೆನ್ನಿಗೊರಗಿ ಕೂತ ನಾನು. ಅಪ್ಪ ಈಗಿಲ್ಲ. ಪದಗಳು ಮರೆತು ರಾಗವಷ್ಟೇ ಉಳಿದಿತ್ತು. "ಅಂಥಾ ಹಾಡೇ ಇರ್ಲಿಲ್ಲ, ನೀನೇ ಕಟ್ಕೊಂಡಿದ್ದು" ಎನ್ನುತ್ತಿದ್ದಳು ಅಕ್ಕ. ಅವ್ವನೂ ಹಾಗೇ ಅಂದುಬಿಟ್ಟರೆ ಅಪ್ಪನದೆಂದು ನನಗೆ ಏನೂ ಉಳಿಯುವುದಿಲ್ಲ ಎಂಬ ಹೆದರಿಕೆಗೆ ಅವಳನ್ನು ಕೇಳಿಯೇ ಇರಲಿಲ್ಲ.

ಮೂರನೆಯ ಭಾನುವಾರ ಶೀಟಿನ ಕಟ್ಟಡದಿಂದ ಅದೇ ರಾಗ ಬಂತು, ತೆಲುಗಿನಲ್ಲಿ. ಬರಿಗಾಲಲ್ಲಿ ಓಡಿಹೋಗಿ ಬಾಗಿಲಲ್ಲಿ ನಿಂತೆ. ಹಾಡು ನಡೆಸುತ್ತಿದ್ದವಳು ಸಲೋಮಮ್ಮ. ವಾರವೆಲ್ಲ ಮಾವಿನ ಮಂಡಿಯಲ್ಲಿ ಕಾಯಿ ಆರಿಸುವಾಕೆ. "ಕದ್ದು ಯಾಕ್ ಕೇಳ್ತೀರಾ ಸಾರ್? ಬನ್ನಿ, ಒಳಗೆ ಟಿಕೆಟ್ಟೇನಿಲ್ಲ!" ಎಂದು ಚರಣಗಳ ನಡುವೆಯೇ ಕೂಗಿದಳು.

ಹಾಡು ಮುಗಿದ ಮೇಲೆ ವಿಷಯ ಹೇಳಿದೆ. "ಅದಕ್ಯಾಕೆ ಇಷ್ಟು ಯೋಚ್ನೆ? ನಿಮ್ಮಮ್ಮನ್ನೇ ಕೇಳೋಣ ತಾಳಿ" ಎಂದು ಬೀದರಿಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿಸಿ, ಮತ್ತೆ ಮೊದಲಿನಿಂದ ಎತ್ತಿದಳು. ಎರಡನೆಯ ಸಾಲಿಗೆ ಫೋನಿನೊಳಗಿಂದ ಅವ್ವ ಕನ್ನಡದಲ್ಲಿ ಸೇರಿಕೊಂಡಳು. ಗಟ್ಟಿಯಾಗಿ, ಎಲ್ಲೂ ತಡವರಿಸದೆ.

"ಇದು ಅಪ್ಪನ ಹಾಡಲ್ಲೇನವ್ವಾ? ಅಕ್ಕ ಇಂಥಾ ಹಾಡೇ ಇರ್ಲಿಲ್ಲಂತಾಳ" ಎಂದೆ.

"ನಿಮ್ಮಪ್ಪಂದಾ? ಅಂವಗೆಲ್ಲಿ ಹಾಡ್ಲಾಕ ಬರ್ತಿತ್ತೋ! ಢೋಲಕ್ ಬಾರಸ್ಕೋತ ಬರೇ ಬಾಯಿ ಆಡಸ್ತಿದ್ದ. ಹಿಂದ ಕುಂತು ಹಾಡ್ತಿದ್ದಾಕಿ ನಾ. ನಮ್ಮವ್ವ ಜಹೀರಾಬಾದದಿಂದ ತಂದ ತೆಲುಗು ಹಾಡದು, ನಾ ಕನ್ನಡ ಮಾಡ್ದೆ. ನಿಮ್ಮಕ್ಕ ಆಗ ಹಾಸ್ಟೆಲ್ದಾಗಿದ್ಲು, ಆಕಿಗೇನು ಗೊತ್ತು?"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು. "ಅಜ್ಜಿ ತೆಲುಗಾ? ಹಂಗಾದ್ರೆ ನಮ್ಮೋರೇ ಬಿಡಿ ನೀವು" ಎಂದಳು ಸಲೋಮಮ್ಮ.

ಈಗ ಭಾನುವಾರಗಳಂದು ನಾನೂ ಅಲ್ಲಿ ಕೂರುತ್ತೇನೆ. ನಂಬಿಕೆ ಮರಳಿಲ್ಲ, ಅದನ್ನು ಯಾರೂ ಕೇಳಿಯೂ ಇಲ್ಲ. ಇಲ್ಲಿ ಹಾಡುವಾಗ ನಡುವೆ ಅವ್ವನ ಕನ್ನಡ ನುಗ್ಗುತ್ತದೆ. ರಜೆಗೆ ಊರಿಗೆ ಹೋಗಿ ಚರ್ಚಿನಲ್ಲಿ ಅವಳ ಪಕ್ಕ ನಿಂತರೆ ಬಾಯಿಗೆ ತೆಲುಗು ಬರುತ್ತದೆ. ಎರಡೂ ಕಡೆ ಜನ ತಿರುಗಿ ನೋಡುತ್ತಾರೆ. ಸತ್ಯ ತಿಳಿದ ಮೇಲೂ, ಕಣ್ಣು ಮುಚ್ಚಿದರೆ ಹಾಡುವುದು ಅಪ್ಪನೇ, ಅವ್ವನ ದನಿಯಲ್ಲಿ.