ಮೆತ್ತಗೆ ಬಡಿದ ರೊಟ್ಟಿ

ಶನಿವಾರದ ಡಬ್ಬಿ ಬಂದು ಅರ್ಧ ತಾಸಾಯಿತು. ಬಿಳಿ ಅರಿವೆಯಲ್ಲಿ ಕಟ್ಟಿದ ಗಂಟು ಅಡಿಗೆಮನೆಯ ಕಟ್ಟೆಯ ಮೇಲೆ ಹಾಗೇ ಕೂತಿದೆ. ಬಿಚ್ಚಿಲ್ಲ, ಆದರೂ ಹೆಂಚಿನ ಮೇಲೆ ಸುಟ್ಟ ಜೋಳದ ವಾಸನೆ ಪಡಸಾಲೆಯಲ್ಲಿ ಕೂತ ನನ್ನವರೆಗೆ ಬಂದಿದೆ. ಮೂಗಿಗೆ ಏನೂ ಆಗಿಲ್ಲ ನೋಡಿ, ಕೆಟ್ಟದ್ದು ಕಿವಿ ಮಾತ್ರ. ಗದಗದಲ್ಲಿರುವ ನನ್ನ ವೈನಿ, ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ, ವಾರಕ್ಕೊಮ್ಮೆ ಈ ರೊಟ್ಟಿ ಕಳಿಸುತ್ತಾರೆ. ಅವರ ಅಳಿಯ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ನೌಕರಿಗೆ ಬರುವವನು. ಶನಿವಾರ ಡಬ್ಬಿ ತಂದು ಉಣಕಲ್ಲಿನ ನಮ್ಮ ಮನೆಗೆ ಮುಟ್ಟಿಸಿ ಹೋಗುತ್ತಾನೆ. ಬೇರೆ ಶನಿವಾರವಾಗಿದ್ದರೆ ಇಷ್ಟು ಹೊತ್ತಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಒಂದು ರೊಟ್ಟಿ ಮುಗಿಸಿರುತ್ತಿದ್ದೆ. ಇವತ್ತು ಗಂಟು ಬಿಚ್ಚಲು ಧೈರ್ಯವಾಗುತ್ತಿಲ್ಲ. ಹೋದ ರವಿವಾರ ಗದಗಕ್ಕೆ ಹೋಗಿ ವೈನಿಗೆ ಒಂದು ಮಾತು ಹೇಳಿ ಬಂದೆ. ಅದಾದ ಮೇಲೆ ಬಂದ ಮೊದಲ ಡಬ್ಬಿ ಇದು. ರೊಟ್ಟಿಗೆ ಹೆದರುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ಇಲ್ಲೇ ಕೂತುಕೊಳ್ಳಿ, ಹೇಳುತ್ತೇನೆ.

ವೈನಿ ನಮ್ಮ ಮನೆಗೆ ಬಂದಾಗ ನಾನು ಏಳನೇ ಇಯತ್ತೆಯಲ್ಲಿದ್ದೆ. ನಮ್ಮದು ಅವ್ವ ಇಲ್ಲದ ಮನೆ. ಬಂದ ಮರುದಿನವೇ ಅವರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡಿದರು. ನಮ್ಮ ಕಡೆ ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತಾರೆ. ಹಿಟ್ಟಿನ ಉಂಡೆಯನ್ನು ಮರದ ಹಲಗೆಯ ಮೇಲಿಟ್ಟು ಅಂಗೈ ಬಿಚ್ಚಿ ಟಪ್ ಟಪ್ ಎಂದು ಬಡಿದರೆ ಅದು ತಾನೇ ತಿರುಗುತ್ತ ಅಗಲವಾಗುತ್ತದೆ. ತೆಳ್ಳಗಾಗಬೇಕೆಂದರೆ ಜೋರಾಗಿ ಬಡಿಯಬೇಕು, ಬಡಿದರೆ ಸಪ್ಪಳ ಆಗಲೇಬೇಕು. ವೈನಿಯ ರೊಟ್ಟಿ ಎಷ್ಟು ತೆಳ್ಳಗೆಂದರೆ ಬೆಳಕಿಗೆ ಹಿಡಿದರೆ ಅವರ ಬೆರಳಿನ ಗುರುತು ಕಾಣುತ್ತಿತ್ತು.

ಆ ಸಪ್ಪಳದ ಮೇಲೆ ಓಣಿಯವರ ಗಡಿಯಾರ ನಡೆಯುತ್ತಿತ್ತು. ಹಿಂದಿನ ಮನೆಯ ಮಾಸ್ತರರು ಒಮ್ಮೆ ಗೋಡೆಯಾಚೆಯಿಂದ, "ನಿಮ್ಮ ವೈನಿಯವರು ಐದನೇ ರೊಟ್ಟಿಗೆ ಬಂದ್ರಂದ್ರ ನಾ ಜಳಕಕ್ಕ ಏಳ್ತೇನ್ರಿ" ಎಂದಿದ್ದರು. ವೈನಿಯದು ಮಾತು ಕಡಿಮೆ. ಅಣ್ಣನ ಮೇಲೆ ಸಿಟ್ಟು ಬಂದ ದಿನ ಹಲಗೆಯ ಸಪ್ಪಳ ಏರುತ್ತಿತ್ತು. "ನನ್ನ ಬೆನ್ನಿಗೆ ಬೀಳೂದು ಹಲಗಿ ಮ್ಯಾಲ ಬೀಳಾಕತ್ತೈತಿ, ಪುಣ್ಯಾ ಮಾಡೇನಿ" ಎಂದು ಅಣ್ಣ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದ. ಅಣ್ಣ ಹೋದಾಗ ಕೆಲವು ದಿನ ಆ ಹಲಗೆ ಗೋಡೆಗೆ ಆತುಕೊಂಡು ನಿಂತಿತ್ತು. ದಿನಕರ್ಮ ಮುಗಿದ ಮರುದಿನ ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗ ಟಪ್ ಟಪ್ ಕೇಳಿಸಿತು. ಮನೆ ಇನ್ನೂ ನಿಂತಿದೆ ಎಂದು ಆಗ ನನಗೆ ಅನ್ನಿಸಿತು. ಮಗಳು ಸಾವಿತ್ರಿಯ ಮದುವೆಯಾದ ಮೇಲೂ ವೈನಿ ನಮ್ಮೊಡನೆಯೇ ಉಳಿದರು. ಶಾಲೆಯಲ್ಲಿ ಕಲಿಸುವ ನನ್ನ ಹೆಂಡತಿ ರೊಟ್ಟಿಯ ಗೊಡವೆಗೇ ಹೋಗಲಿಲ್ಲ. ಅದು ವೈನಿಯ ರಾಜ್ಯ.

ನನ್ನ ರಾಜ್ಯ ಹಳೇ ಹುಬ್ಬಳ್ಳಿಯಲ್ಲಿತ್ತು. ಭಾಂಡೆ ಅಂಗಡಿಗಳ ಸಾಲಿನಲ್ಲಿ ಮೂರು ಮಂದಿ ನಿಂತರೆ ತುಂಬುವ ಒಂದು ಖೋಲಿ, ಅಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕುವುದು ನನ್ನ ಕೆಲಸ. ಮದುವೆಯ ಉಡುಗೊರೆಯ ತಂಬಿಗೆ, ಮಠಕ್ಕೆ ಕೊಟ್ಟ ಪರಾತ, ಮೊಮ್ಮಗನ ಹಾಲಿನ ಬಟ್ಟಲು, ಎಲ್ಲದರ ಮೇಲೂ ನನ್ನ ಅಕ್ಷರ. ಕೈಯಲ್ಲಿ ಹಿಡಿಯುವ ಸಣ್ಣ ಮಶೀನು, ತುದಿಯಲ್ಲಿ ನಡುಗುವ ಸೂಜಿ. ಸ್ಟೀಲಿಗೆ ತಾಗಿದರೆ ಕಿರ್ರ್ ಎಂದು ಹಲ್ಲು ಜುಮ್ಮೆನ್ನುತ್ತದೆ, ದೊಡ್ಡ ಕೊಡಕ್ಕೆ ತಾಗಿದರೆ ಕೊಡವೇ ಕಿರುಚುತ್ತದೆ. ಅಕ್ಷರ ದುಂಡಗೆ ಬರಬೇಕೆಂದು ನಾನು ಮುಖವನ್ನು ಕೊಡಕ್ಕೆ ತಾಗಿಸಿಯೇ ಕೂಡುತ್ತಿದ್ದೆ. ಹೀಗೆ ಮೂವತ್ತು ವರ್ಷಕ್ಕೂ ಮಿಕ್ಕಿ. ಯಾವ ಊರಿನ ಊಟಕ್ಕೆ ಹೋದರೂ ನೀರಿನ ಜಗ್ಗು ತಿರುಗಿಸಿ ನನ್ನ ಅಕ್ಷರ ಹುಡುಕುವ ಚಾಳಿ ನನಗಿತ್ತು. ಸಿಕ್ಕರೆ ಹೋಳಿಗೆ ಒಂದು ಹೆಚ್ಚೇ ಇಳಿಯುತ್ತಿತ್ತು.

ಮೂರು ವರ್ಷದ ಹಿಂದೆ ಬಲಗಿವಿಯಲ್ಲಿ ಸಣ್ಣಗೆ ಸಿಳ್ಳೆ ಶುರುವಾಯಿತು. ಮೊದಲು ಮನೆಯ ಟ್ಯೂಬ್‌ಲೈಟಿನ ಮೇಲೆ ಸಂಶಯಪಟ್ಟೆ. ವೈರಮನ್‌ನನ್ನು ಕರೆಸಿ ಎರಡು ಸಲ ಬದಲಿಸಿದೆ. ಆಮೇಲೆ ಮಾಸ್ತರರ ಮನೆಯ ನೀರಿನ ಪಂಪಿನ ಮೇಲೆ ಕಣ್ಣು ಬಿತ್ತು. "ಪಂಪ ಕೆಟ್ಟು ತಿಂಗಳಾತಲ್ರಿ" ಎಂದು ಅವರು ಹೇಳಿದ ಮೇಲೆಯೇ, ಸಪ್ಪಳ ಹೊರಗಿಲ್ಲ, ನನ್ನೊಳಗಿದೆ ಎಂದು ಗೊತ್ತಾದದ್ದು. ಅವತ್ತು ನನಗಾದ ದಿಗಿಲನ್ನು ಹೇಗೆ ಹೇಳಲಿ? ಹೊರಗಿನ ಸಪ್ಪಳಕ್ಕೆ ಬಾಗಿಲು ಹಾಕಿಕೊಳ್ಳಬಹುದು. ಇದು ಬಾಗಿಲು ಹಾಕಿಕೊಂಡಷ್ಟೂ ಜೋರಾಗುತ್ತಿತ್ತು.

ಕಿವಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, "ಸಪ್ಪಳ ಕೇಳಿದಾಗೊಮ್ಮೆ ಈ ಬಟನ್ ಒತ್ತರಿ ಕಾಕಾ" ಎಂದಳು. ಕೇಳುತ್ತಲೇ ಇತ್ತು, ಒತ್ತುತ್ತಲೇ ಹೋದೆ. ಆಕೆ ಬಾಗಿಲು ತೆಗೆದು, "ಕಾಕಾ, ನಾ ಇನ್ನೂ ಚಾಲೂನ ಮಾಡಿಲ್ಲ" ಎಂದಳು. ಇಬ್ಬರೂ ನಕ್ಕೆವು. ನಗು ಅಲ್ಲಿಗೆ ಮುಗಿಯಿತು.

ಪರೀಕ್ಷೆಯ ಕಾಗದ ನೋಡುತ್ತ ಆಕೆ ಹೇಳಿದ ಮಾತು ಇವತ್ತಿಗೂ ಅಕ್ಷರಶಃ ನೆನಪಿದೆ. "ಇದು ನಿಮ್ಮ ಮಶೀನ್ ಮಾಡಿದ ಕೆಲಸ ಕಾಕಾ. ಮೊದಲ ಅದನ್ನ ಬಿಡ್ರಿ. ಗುಳಿಗಿ ತಗೊಂಡ್ರ ಹೋಗೂ ಸಪ್ಪಳ ಅಲ್ಲ ಇದು, ಆದ್ರ ಬರಬರ್ತಾ ಮನಸ್ಸು ಅದರ ಕಡೆ ಲಕ್ಷ್ಯ ಕೊಡೂದು ಬಿಡ್ತೈತಿ. ಇನ್ನೊಂದು, ಗಪ್ಪಗಾರ ಇರೂ ಖೋಲಿಯಾಗ ಒಬ್ಬರ ಕುಂದ್ರಬ್ಯಾಡ್ರಿ. ಮನ್ಯಾಗಿನ ಸಣ್ಣ ಪುಟ್ಟ ಸಪ್ಪಳ ನಡೀತಿರ್ಲಿ, ಅದ ನಿಮಗ ಔಷಧ."

ಇಷ್ಟು ಸ್ವಚ್ಛ ಹೇಳಿದ ಮಾತನ್ನು ನಾನು ಮನೆಗೆ ತರುವಷ್ಟರಲ್ಲಿ ಉಲ್ಟಾ ಮಾಡಿದೆ. ಮಶೀನಿನ ಸುದ್ದಿ ಎತ್ತಿದರೆ ಹೆಂಡತಿ ಅಂಗಡಿಗೆ ಕೀಲಿ ಹಾಕಿಸುತ್ತಾಳೆಂದು ಗೊತ್ತಿತ್ತು. ಮಶೀನು ಬಿಟ್ಟರೆ ನಾನು ಯಾರು? ಜಗ್ಗು ತಿರುಗಿಸಿ ನೋಡುವವನಿಗೆ ಅಲ್ಲಿ ಇನ್ನೊಬ್ಬನ ಅಕ್ಷರ ಕಾಣುವುದು ಬೇಕಿರಲಿಲ್ಲ. ಅದೂ ಅಲ್ಲದೆ, ಬೆಳಿಗ್ಗೆ ಕಿವಿಯೊಳಗಿನ ಸಿಳ್ಳೆಯ ಮೇಲೆ ಹಲಗೆಯ ಟಪ್ ಟಪ್ ಬಿದ್ದರೆ ನನಗೆ ತಲೆ ಕೆಡುತ್ತಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತು, "ವೈನಿ, ಮನ್ಯಾಗ ಸಪ್ಪಳ ಆಗಬಾರದಂತ ಡಾಕ್ಟರ್ ಹೇಳ್ಯಾರ್ರಿ. ಈ ಬಡಿಯೂದು ಕಿವಿಗೆ ಭಾಳ ತ್ರಾಸ್ ಕೊಡಾಕತ್ತೈತಿ" ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಗಾದೆ ಕಟ್ಟಿದವನು ನನ್ನನ್ನು ನೋಡಿಯೇ ಕಟ್ಟಿರಬೇಕು.

ವೈನಿಯ ಕೈ ಉಂಡೆಯ ಮೇಲೆಯೇ ನಿಂತಿತು. "ಹೌದನು ತಮ್ಮಾ?" ಎಂದರು, ಅಷ್ಟೇ. ಮರುದಿನ ಹಲಗೆಯ ಕೆಳಗೆ ಹಳೆಯ ಚಾದರ ನಾಲ್ಕು ಮಡಿಕೆಯಾಗಿ ಬಂತು. ಅಂಗೈ ಹೋಗಿ ಬೆರಳ ತುದಿ ಬಂತು. ಕೂಸಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದರು. ರೊಟ್ಟಿ ದಪ್ಪವಾಯಿತು. ಅದೂ ಕೇಳಿಸುತ್ತದೆ ಎಂದು ನಾನು ಒಂದು ದಿನ ತಾಟು ಸರಿಸಿ ಎದ್ದೆ. ಹಲಗೆ ಮತ್ತೆ ಗೋಡೆ ಹಿಡಿಯಿತು, ಅಂಗಡಿಯಿಂದ ರೊಟ್ಟಿ ಬರತೊಡಗಿತು. ವೈನಿ ಬೆಳಿಗ್ಗೆ ಎದ್ದು ಜಳಕ ಪೂಜೆ ಮುಗಿಸಿ ಅಡಿಗೆಮನೆಯ ಹೊಸ್ತಿಲಲ್ಲಿ ಕೈ ಮಡಿಚಿಕೊಂಡು ಕೂಡುತ್ತಿದ್ದರು. ಒಂದು ದಿನ ಅಲ್ಲಿಂದಲೇ, "ಇಷ್ಟು ವರ್ಷ ಬಡದು ಬಡದು ನಾನ ನಿನ್ನ ಕಿವಿ ಕೆಡಿಸಿದ್ನೇನೋ ತಮ್ಮಾ" ಎಂದರು.

ನಾನು ಪೇಪರ್ ಓದುತ್ತಿದ್ದೆ, ಓದುತ್ತಲೇ ಇದ್ದೆ. ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನನ್ನ ಬದುಕಿನಲ್ಲಿ ನಾನು ಮಾಡಿದ ನೀಚ ಕೆಲಸ ಯಾವುದೆಂದು ಕೇಳಿದರೆ ಆ ಪೇಪರ್ ಓದಿದ್ದು ಎಂದೇ ಹೇಳುತ್ತೇನೆ. ತಿಂಗಳೊಪ್ಪತ್ತಿನಲ್ಲಿ ವೈನಿ, "ಸಾವಿತ್ರಿ ಕಡೆ ಎಂಟ ದಿನಾ ಇದ್ದ ಬರ್ತೇನಿ" ಎಂದು ಗದಗಕ್ಕೆ ಹೋದರು. ಆ ಎಂಟು ದಿನ ಇನ್ನೂ ಮುಗಿದಿಲ್ಲ.

ಮನೆ ಈಗ ನಾನು ಬಯಸಿದಂತೆ ಗಪ್ಪಗಾರ. ಆ ಮೌನದಲ್ಲಿ ಸಿಳ್ಳೆ ಮನೆಯ ಯಜಮಾನನಾಯಿತು. ಗಡಿಯಾರದ ಸೆಲ್ಲು ತೆಗೆದೆ, ಪೂಜೆಯ ಗಂಟೆ ಬೇಡವೆಂದೆ, ಕುಕ್ಕರಿನ ಮೇಲೆ ಕಿರಿಕಿರಿ ಮಾಡಿದೆ. ಮಾಡಿದಷ್ಟೂ ಅದು ಬೆಳೆಯಿತು. ನಿದ್ದೆ ಹೋಯಿತು, ಅನ್ನ ಸೇರಲಿಲ್ಲ, ಹೀಗೇ ಸಾಯುವವರೆಗೆ ಎಂದು ನೆನೆದು ಒಬ್ಬನೇ ಅತ್ತದ್ದೂ ಉಂಟು. ಕಡೆಗೆ ಹೆಂಡತಿಯೇ ನನ್ನನ್ನು ಆ ಡಾಕ್ಟರ್ ಮುಂದೆ ಮತ್ತೆ ಕೂರಿಸಿದಳು. ಆಕೆ ಮೊದಲಿನ ಮಾತುಗಳನ್ನೇ ನನ್ನ ಹೆಂಡತಿಯೆದುರು ಹೇಳಿದಳು. ಮನೆಗೆ ಬಂದು ಹೆಂಡತಿ ಚಪ್ಪಲಿ ಬಿಡುವಾಗ ಒಂದೇ ಮಾತು ಕೇಳಿದಳು: "ವೈನಿಗೆ ಇದನ್ನ ಯಾವಾಗ ಹೇಳ್ತೀರಿ?"

ಮಶೀನನ್ನು ಡಬ್ಬದಲ್ಲಿ ಹಾಕಿ ಅಟ್ಟಕ್ಕೇರಿಸಿದೆ. ಗಡಿಯಾರಕ್ಕೆ ಸೆಲ್ಲು ಬಂತು, ಫ್ಯಾನು ತಿರುಗಿತು, ಸಂಜೆಗೊಮ್ಮೆ ಕೆರೆಯ ದಂಡೆಗೆ ಹೋಗಿ ಮಂದಿಯ ಗದ್ದಲದಲ್ಲಿ ಕೂಡುತ್ತಿದ್ದೆ. ಗುಣವಾಗುವುದೆಂದರೆ ಒಂದು ದಿನ ಸಿಳ್ಳೆ ಫಕ್ಕನೆ ನಿಲ್ಲುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ವರ್ಷ ದಾಟಿದ ಮೇಲೆ ಒಂದು ಬೆಳಿಗ್ಗೆ ದಾಡಿ ಮಾಡಿಕೊಳ್ಳುತ್ತಿದ್ದಾಗ, ಅರೆ, ಎದ್ದಾಗಿನಿಂದ ಅದರ ನೆನಪೇ ಆಗಲಿಲ್ಲವಲ್ಲ ಎಂದು ಹೊಳೆಯಿತು. ಹೊಳೆದ ಕೂಡಲೇ ಮತ್ತೆ ಕೇಳಿಸಿತು ಅನ್ನಿ. ಆದರೂ ಆ ಎರಡು ತಾಸು ನನ್ನವಾಗಿದ್ದವು. ಈಗ ಎಷ್ಟೋ ದಿನ ಸಂಜೆಯವರೆಗೂ ಅದರ ಸುದ್ದಿ ಇರುವುದಿಲ್ಲ. ಕಿವಿ ಇಷ್ಟು ಸುಧಾರಿಸಿತು, ಹೆಂಡತಿಯ ಪ್ರಶ್ನೆ ಮಾತ್ರ ಅಲ್ಲೇ ಇತ್ತು. ನಾಳೆ ನಾಳೆ ಎಂದು ಮುಂದೂಡಿದೆ. ಆ ನಡುವೆ ವೈನಿ ಗದಗದಿಂದ ರೊಟ್ಟಿ ಕಳಿಸಲು ಶುರು ಮಾಡಿದ್ದರು. ರೊಟ್ಟಿ ದಪ್ಪಗಿರುತ್ತಿದ್ದವು. ವಯಸ್ಸಾಯಿತು, ಕೈ ಸೋತಿರಬೇಕು ಎಂದುಕೊಂಡು ತಿನ್ನುತ್ತಿದ್ದೆ.

ಹೋದ ರವಿವಾರ ಕೊನೆಗೂ ಗದಗದ ಬಸ್ಸು ಹತ್ತಿದೆ. ಸಾವಿತ್ರಿಯ ಮನೆಯ ಒಳಗೆ ಕಾಲಿಟ್ಟಾಗ ವೈನಿ ಅಡಿಗೆಮನೆಯಲ್ಲಿ ರೊಟ್ಟಿ ಮಾಡುತ್ತ ಕೂತಿದ್ದರು. ಹಲಗೆಯ ಕೆಳಗೆ ನಾಲ್ಕು ಮಡಿಕೆಯ ಚಾದರ. ಬೆರಳ ತುದಿಯಿಂದ, ಸಪ್ಪಳವಿಲ್ಲದೆ, ತಟ್ಟುತ್ತಿದ್ದರು. ಆ ಮನೆಯಲ್ಲಿ ಯಾರಿಗೂ ಕಿವಿಯ ಬೇನೆ ಇಲ್ಲ. "ನಾನೂ ಹೇಳಿ ಹೇಳಿ ಸಾಕಾಗೈತಿ ಕಾಕಾ. ಚಾದರ ತಗಿಬೇ ಅಂದ್ರ, ಮತ್ತ ಯಾರರ ಕಿವಿ ಕೆಡಸ್ಲೇನು ಅಂತಾಳ" ಎಂದಳು ಸಾವಿತ್ರಿ.

ಅಲ್ಲೇ ನೆಲದ ಮೇಲೆ ಕೂತೆ. "ವೈನಿ, ನನ್ನ ಕಿವಿ ಕೆಡಿಸಿದ್ದು ಮಶೀನ್ ರೀ, ನಿಮ್ಮ ರೊಟ್ಟಿ ಅಲ್ಲ. ಡಾಕ್ಟರ್ ಮೊದಲನೇ ದಿನಾನ ಹೇಳಿದ್ರು. ನಾ ಸುಳ್ಳ ಹೇಳಿದೆ."

ವೈನಿ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದರು, ತಿರುವಿ ಹಾಕಿದರು, ಅದು ಬೇಯುವವರೆಗೆ ಕಾದರು.

"ಮೊದಲನೇ ದಿನಾನ?"

"ಹೌದ್ರಿ."

"ಮತ್ತ ಇಷ್ಟ ದಿನಾ ನಾ ಲಿಂಗದ ಮುಂದ ಕುಂತು, ತಪ್ಪಾತು, ನನ್ನ ಮೈದುನನ ಕಿವಿ ನೆಟ್ಟಗ ಮಾಡು ಅಂತ ಬೇಡಿಕೊಂಡಿದ್ದು?"

ಅವರು ಬೈದಿದ್ದರೆ ಬದುಕುತ್ತಿದ್ದೆ. ತಾಟಿಗೆ ರೊಟ್ಟಿ ಹಾಕಿ, ಪಲ್ಯ ಬಡಿಸಿ, ಮುಂದೆ ಸರಿಸಿದರು. ನಾನು ತಿಂದೆ. ಹೊರಡುವಾಗ, "ಈಗ ಕಿವಿ ಹ್ಯಾಂಗೈತಿ?" ಎಂದರು. "ಐತ್ರಿ, ಆದ್ರ ತ್ರಾಸಿಲ್ಲ" ಎಂದೆ. ಬಾಗಿಲವರೆಗೆ ಬರಲಿಲ್ಲ.

ಡಬ್ಬಿ ಬರುತ್ತದೋ ಇಲ್ಲವೋ ಎಂದು ವಾರವಿಡೀ ಕಾದಿದ್ದೆ. ಬಂದಿದೆ. ಇನ್ನು ನೀವೂ ಎಷ್ಟು ಹೊತ್ತು ಕೂತೀರಿ, ಏಳೋಣ.

ಗಂಟು ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದೆ. ಮೇಲಿನ ರೊಟ್ಟಿ ದಪ್ಪಗಿತ್ತು, ಎಂದಿನ ಹಾಗೆಯೇ. ಅದನ್ನೆತ್ತಿದೆ, ಅದರ ಕೆಳಗಿನದೂ ದಪ್ಪ. ಹೀಗೆ ಐದು. ತಳದಲ್ಲಿದ್ದ ಆರನೆಯದು ಕೈಗೆ ಬಂದಾಗ ಭಾರವೇ ಇರಲಿಲ್ಲ. ಕಿಟಕಿಗೆ ಹಿಡಿದೆ. ಬೆಳಕು ಹಾದುಬಂತು, ಐದೂ ಬೆರಳಿನ ಗುರುತು ಕಂಡವು. ವೈನಿ ಸುಟ್ಟ ಹಾಗೆಲ್ಲ ಒಂದರ ಮೇಲೊಂದು ಡಬ್ಬಿಗೆ ಹಾಕುತ್ತಾರೆ, ತಳದ್ದೇ ಮೊದಲು ಬಡಿದದ್ದು. ನನಗೆ ತಡೆಯಲಾಗಲಿಲ್ಲ, ಫೋನ್ ಹಚ್ಚಿದೆ.

"ವೈನಿ, ಒಂದ ರೊಟ್ಟಿ ತೆಳ್ಳಗ ಐತ್ರಿ."

"ಹೌದು ತಮ್ಮಾ. ಚಾದರ ತಗದು ಒಂದ ಬಡದೆ. ಆ ಸಪ್ಪಳ ಕೇಳಿ ನನಗ ಹೆದರಿಕಿ ಆತು. ಮತ್ತ ಹಾಸಿಕೊಂಡೆ."

ಮೂರು ವರ್ಷದಲ್ಲಿ ನನ್ನ ಕಿವಿಗೆ ಸಿಳ್ಳೆಯ ಭಯ ಹೋಯಿತು. ನಾನು ಅವರ ಕೈಗೆ ಹಚ್ಚಿದ ಭಯ ಅಲ್ಲೇ ಉಳಿದಿದೆ, ಅದಕ್ಕೆ ಔಷಧ ಹೇಳುವ ಡಾಕ್ಟರ್ ನನಗೆ ಗೊತ್ತಿಲ್ಲ.

"ವೈನಿ, ನಾ ನಾಳೆ ಬರ್ತೇನ್ರಿ. ನಿಮ್ಮ ಬಾಜೂಕ ಕುಂದರ್ತೇನಿ. ಬಲಗಿವಿ ಹಲಗಿ ಕಡೆ ಮಾಡಿ ಕುಂದರ್ತೇನಿ. ನೀವು ಬಡೀರಿ."

"ಕಿವಿ?"

"ಇರ್ಲಿ ಬಿಡ್ರಿ."

ವೈನಿ ಫೋನ್ ಇಡುವ ಮೊದಲು, "ಲಗೂ ಬಾ. ಒಂಬತ್ತಕ್ಕ ಹಿಟ್ಟ ನಾದ್ತೇನಿ" ಎಂದರು.