ಹಲಸಿನ ಪಟ್ಟಿಗೆ ಒಂದು ಬೆರಳು ಹೆಚ್ಚು

ನನ್ನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೂರು ತಿಂಗಳು ಒಂದು ಖಾಕಿ ಕಾಗದ ಹರಡಿಕೊಂಡೇ ಇತ್ತು. ಯೂನಿಫಾರಂ ಬಟ್ಟೆ ಬಂದಾಗ ಸುರುಳಿ ಸುತ್ತಿ ಮೂಲೆಗೆ ಇಡುತ್ತಿದ್ದೆ, ಗಿರಾಕಿ ಹೋದ ಮೇಲೆ ಮತ್ತೆ ಹರಡುತ್ತಿದ್ದೆ. ಫಾಲ್ಸ್ ಹಾಕಿಸಲು ಬಂದ ಒಬ್ಬ ಹೆಂಗಸು ಅದನ್ನು ತಿರುಗಿ ತಿರುಗಿ ನೋಡಿ, "ಯಾರಿಗ್ರೀ ಈ ಗೌನು? ಸೊಂಟ ಚೆನ್ನಾಗಿ ಬಂದೈತೆ, ತೋಳೇ ಇಲ್ವಲ್ಲ!" ಎಂದಿದ್ದರು.

ಅದು ಗೌನಲ್ಲ, ಗಿಟಾರಿನ ನಕ್ಷೆ. ಅದೂ ಬ್ಯಾರಿಟೋನ್ ಗಿಟಾರ್. ಸಾಮಾನ್ಯ ಗಿಟಾರಿಗಿಂತ ಕುತ್ತಿಗೆ ಉದ್ದ, ತಂತಿ ದಪ್ಪ, ದನಿ ಕೆಳಗೆ. ಮದುವೆಗೆ ಮುಂಚೆ ಬೀರೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಆಮೇಲೆ ಹೊಲಿಗೆಯೇ ಕಸುಬಾಯಿತು. ಆದರೂ ಸುತ್ತಮುತ್ತಲಿನವರ ಬಿರುಕು ಬಿಟ್ಟ ಗಿಟಾರುಗಳು ನನ್ನಲ್ಲಿಗೆ ಬರುತ್ತವೆ, ಅಂಟು ಹಾಕಿ ಕೊಡುತ್ತೇನೆ. ಒಮ್ಮೆ ಪೂರ್ತಿ ಒಂದನ್ನು ನಾನೇ ಮಾಡಿದ್ದೆ. ತಂತಿ ಮೀಟಿದರೆ ಯಾರೋ ಬಾಗಿಲು ತಟ್ಟಿದಂತೆ ಕೇಳುತ್ತಿತ್ತು. ಈಗ ಅದು ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿದೆ, ಹೊಟ್ಟೆಯೊಳಗೆ ದಾರದ ಖಾಲಿ ರೀಲುಗಳನ್ನು ಹಾಕಿಟ್ಟಿದ್ದೇನೆ.

ಎರಡನೆಯದಕ್ಕೆ ಕೈ ಹಾಕಿದ್ದು ನನ್ನ ಹೆಂಡತಿಗಾಗಿ. ಹೋದ ವರ್ಷ ಅವಳ ಥೈರಾಯ್ಡ್ ಗಡ್ಡೆಗೆ ಆಪರೇಷನ್ ಆಯಿತು. ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ದನಿ ಇಳಿದುಬಿಟ್ಟಿತು. ಶನಿವಾರದ ಭಜನೆಯಲ್ಲಿ ಮುಂದೆ ಕೂತು ಹಾರ್ಮೋನಿಯಂ ಲೆಕ್ಕದಲ್ಲಿ ಐದು ಮನೆ ಶ್ರುತಿಗೆ ಹಾಡುತ್ತಿದ್ದವಳು ಈಗ ಹಿಂದೆ ಕೂತು ತಾಳ ಹಾಕುತ್ತಾಳೆ. ದುಃಖ ತೋರಿಸುವವಳಲ್ಲ. "ಮೊನ್ನೆ ಫೋನ್ ಎತ್ತಿದ್ರೆ ಗ್ಯಾಸ್‌ನವ್ನು ನಂಗೆ ಸಾರ್ ಅಂದ ಕಣ್ರೀ" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ ಅವಳು ತನಗೆ ತಾನೇ ಗುನುಗುತ್ತಿದ್ದುದು ಕೇಳಿಸಿತು. ಕೆಳಗಿನ ಸ್ವರ, ಆದರೆ ಒಡೆದಿರಲಿಲ್ಲ, ತುಂಬಿಕೊಂಡಿತ್ತು. ಬೀರುವಿನ ಮೇಲಿದ್ದ, ಆರ್ಕೆಸ್ಟ್ರಾ ಕಾಲದ ನನ್ನ ಹಳೆಯ ಗಿಟಾರ್ ಇಳಿಸಿ ಜೊತೆಗೆ ನುಡಿಸಿ ನೋಡಿದೆ. ಅದರ ದನಿ ಅವಳ ದನಿಯ ಮೇಲೆ ಹತ್ತಿ ಕೂರುತ್ತಿತ್ತು. ತಂತಿ ಸಡಿಲಿಸಿ ಕೆಳಗಿಳಿಸಿದರೆ ತಂತಿಗಳು ಕುತ್ತಿಗೆಯ ಮೇಲಿನ ಲೋಹದ ಫ್ರೆಟ್ಟುಗಳಿಗೆ ಬಡಿದು ಜೀರುಂಡೆಯಂತೆ ಗುಂಯ್ಗುಡುತ್ತಿದ್ದವು. ಅವಳು ಸಿಪ್ಪೆಯ ಮೊರ ಎತ್ತಿಕೊಂಡು ಒಳಗೆ ಹೋದಳು.

ಅವಳ ದನಿಯ ಕೆಳಗೆ ಹಾಸಿಗೆಯಂತೆ ಹಾಸಿಕೊಳ್ಳುವ ವಾದ್ಯ ಬೇಕಿತ್ತು. ಫೋನಿನಲ್ಲಿ ಹುಡುಕಿದೆ, ಬ್ಯಾರಿಟೋನ್ ಸಿಕ್ಕಿತು. ತಂತಿಯ ಉದ್ದ ಇಪ್ಪತ್ತೇಳು ಇಂಚು ಎಂದು ಗೊತ್ತುಮಾಡಿಕೊಂಡು, ಖಾಕಿ ಕಾಗದದಲ್ಲಿ ಬರೆಯತೊಡಗಿದೆ. ನಕ್ಷೆಯ ಒಂದು ಮೂಲೆಯಲ್ಲಿ ಚೌಕ ಹಾಕಿ 'ಶ್ರುತಿ' ಎಂದು ಬರೆದು ಖಾಲಿ ಬಿಟ್ಟಿದ್ದೆ. ತಂತಿ ಎಷ್ಟು ದಪ್ಪ ತರಿಸಬೇಕೆಂಬುದು ಅದರ ಮೇಲೆ ನಿಂತಿತ್ತು. ಅವಳಿಗೆ ಹಾಡು ಎಂದರೆ ಹಾಡಲಿಲ್ಲ.

"ಮೊದ್ಲು ಮರ ಸರಿಯಾಗಿ ಬರ್ಲಿ. ಆಮೇಲೆ ನನ್ ಗಂಟ್ಲು. ಸುಮ್ನೆ ಆಸೆ ಹುಟ್ಟಿಸ್ಬೇಡಿ."

ಮರವನ್ನು ಕೊಟ್ಟವಳೂ ಅವಳೇ. ಅಜ್ಜಂಪುರದಲ್ಲಿ ಅವಳ ಅಕ್ಕನ ಮನೆಯ ಅಟ್ಟದಲ್ಲಿ ಅವರ ಅಮ್ಮನ ಹಗ್ಗದ ಮಂಚ ಬಿಚ್ಚಿಟ್ಟಿತ್ತು. ಹಲಸಿನ ಮರ, ಒಣಗಿ ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಹಲಸು ನಾದಕ್ಕೆ ಒಳ್ಳೆಯದೆಂದು ವೀಣೆ ಮಾಡುವವರಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ಆದರೆ ಉದ್ದನೆಯ ಪಟ್ಟಿಗಳಲ್ಲಿ ಹಗ್ಗ ಪೋಣಿಸುವ ತೂತುಗಳು ಸಾಲಾಗಿದ್ದವು. ಒಂದೇ ಒಂದು ಪಟ್ಟಿಯ ತಲೆಕಡೆ ಇಪ್ಪತ್ತೈದು ಇಂಚಿನಷ್ಟು ತೂತಿಲ್ಲದ ಜಾಗ. ಗಿಟಾರಿನ ಕುತ್ತಿಗೆಗೆ ನನಗೆ ಬೇಕಾಗಿದ್ದದ್ದು ಇಪ್ಪತ್ತನಾಲ್ಕು. ಕೆಟ್ಟರೆ ಇನ್ನೊಂದಿಲ್ಲ. ಅವಳ ಅಕ್ಕ, "ಅಮ್ಮ ಕೂತು ಹಾಡ್ತಿದ್ದಿದ್ದು ಆ ಮೂಲೇಲೇ ಕಣೇ" ಎಂದರು. ನನ್ನ ಹೆಂಡತಿ ಸೆರಗಿನಿಂದ ಪಟ್ಟಿಯ ಧೂಳು ಒರೆಸಿದಳು.

ಅಷ್ಟು ಗಟ್ಟಿ ಮರವನ್ನು ಕೊಯ್ಯುವ ಗರಗಸ ನನ್ನಲ್ಲಿಲ್ಲ. ತರೀಕೆರೆಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಒಬ್ಬ ಹಿರಿಯ ಆಚಾರ್ರು ಗೊತ್ತಿದ್ದರು. ಅವರ ಮೊಮ್ಮಕ್ಕಳ ಅಂಗಿಗಳನ್ನು ಹೊಲಿದದ್ದು ನಾನೇ. ಪಟ್ಟಿಯನ್ನೂ, ನಕ್ಷೆಯಿಂದ ಕುತ್ತಿಗೆಯಷ್ಟೇ ನಕಲು ತೆಗೆದು ರಟ್ಟಿಗೆ ಅಂಟಿಸಿದ ಖಾಕಿ ಅಚ್ಚನ್ನೂ ಕೊಟ್ಟೆ.

"ಇದೇನ್ ಟೈಲರೇ, ಮರಕ್ಕೂ ಬ್ಲೌಸ್ ಪೀಸ್ ಥರ ಕತ್ತರಿಸ್ಕೊಂಡ್ ಬಂದಿದ್ದೀರಾ?"

"ಇದರ ಹಾಗೇ ಕೊಯ್ದು ಕೊಡಿ ಆಚಾರ್ರೇ, ಸಾಕು."

ಅಚ್ಚಿನ ಮೇಲೆ ಎರಡು ಕೆಂಪು ಗೆರೆ ಎಳೆದಿದ್ದೆ. ಮೇಲಿನದು ತಲೆ ಹಿಂದಕ್ಕೆ ಬಾಗುವ ಜಾಗ, ತಂತಿ ಶುರುವಾಗುವುದು ಅಲ್ಲಿಂದ. ಕೆಳಗಿನದು ಕುತ್ತಿಗೆ ಪೆಟ್ಟಿಗೆಗೆ ಸೇರುವ ಜಾಗ. ನಡುವೆ ಸರಿಯಾಗಿ ಹದಿನೈದು ಇಂಚು. ಫ್ರೆಟ್ಟುಗಳ ಲೆಕ್ಕವೆಲ್ಲ ಆ ಹದಿನೈದರ ಮೇಲಿತ್ತು. ಎರಡೂ ಕಡೆಯ ಬಾಗುಗಳನ್ನು ಒಂದೇ ಮರದಲ್ಲಿ ಕೊಯ್ಯುವುದರಿಂದ, ನಡುವೆ ಹೆಚ್ಚು ಕಡಿಮೆಯಾದರೆ ಆಮೇಲೆ ಸರಿಪಡಿಸುವ ದಾರಿಯಿಲ್ಲ. ಬಟ್ಟೆಯಾದರೆ ಒಳಗೆ ಮಡಿಸಿಟ್ಟಿರುವುದನ್ನು ಬಿಚ್ಚಬಹುದು. ಆದರೂ ಆ ಗೆರೆಗಳು ಏನೆಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಮೂವತ್ತು ವರ್ಷದ ಅಭ್ಯಾಸ ನೋಡಿ, ಅಚ್ಚು ಕೊಟ್ಟ ಮೇಲೆ ಅಚ್ಚೇ ಮಾತಾಡುತ್ತದೆ ಎಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಆಚಾರ್ರು ಫೋನ್ ಮಾಡಿದರು. ಪಿನಾಫೋರಿನ ನೆರಿಗೆ ಇಸ್ತ್ರಿ ಮಾಡುತ್ತಿದ್ದೆ.

"ಟೈಲರೇ, ಆಯ್ತು ನಿಮ್ದು. ಆದ್ರೆ ನಿಮ್ ಅಳತೇಲಿ ಆಯ ಕೂರ್ಲಿಲ್ಲ. ಒಂದ್ ಬೆರಳು ಕೂಡಿಸಿ ಕೊಯ್ದಿದ್ದೀನಿ."

ನನ್ನ ಕೈ ನಿಂತಿತು. ಆಯ ಎಂದರೆ ನಮ್ಮ ಕಡೆ ಮನೆ ಕಟ್ಟಿದವರಿಗೆಲ್ಲ ಗೊತ್ತು. ಬಾಗಿಲೋ ಮಂಚವೋ, ಉದ್ದವನ್ನು ಬೆರಳಿನ ಲೆಕ್ಕಕ್ಕೆ ತಂದು ಎಂಟರಿಂದ ಭಾಗಿಸುತ್ತಾರೆ. ಉಳಿಯುವ ಸಂಖ್ಯೆ ಒಳ್ಳೆಯದಿದ್ದರೆ ಸರಿ, ಇಲ್ಲದಿದ್ದರೆ ಒಂದೆರಡು ಬೆರಳು ಹೆಚ್ಚಿಸಿ ಒಳ್ಳೆಯದು ಬರುವಂತೆ ಮಾಡುತ್ತಾರೆ. ಗಿಟಾರಿಗೂ ಆಯ ನೋಡುತ್ತಾರೆಂದು ನನ್ನ ಕನಸಿಗೂ ಬಂದಿರಲಿಲ್ಲ. ಎಲ್ಲಿ ಕೂಡಿಸಿದಿರಿ ಎಂದು ಕೇಳುವಷ್ಟರಲ್ಲಿ ಅತ್ತ ಗರಗಸದ ಸದ್ದು ಶುರುವಾಗಿ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದೆ, ಶಟರ್ ಎಳೆದು ಬೀಗ ಹಾಕಿದೆ, ಬಸ್ ಹತ್ತಿದೆ. ಹೆಂಡತಿಗೆ ಹೇಳಲಿಲ್ಲ. ಹೇಳುವುದಾದರೂ ಏನನ್ನು? ನಿಮ್ಮಮ್ಮನ ಮಂಚ ಹಾಳಾಯಿತು ಎಂದೇ?

ಬೀರೂರು ದಾಟುವಾಗ ಟಿಕೆಟ್ ಕೊಡಲು ಬಂದ ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಸ್ವಾಮಿ, ಬಸ್ಸಿಗೂ ಅಳತೆ ತಗೊಳ್ಳೋಕ್ ಹೊರಟ್ರಾ?" ಕೊರಳಲ್ಲಿ ಟೇಪು ಹಾಗೇ ಇತ್ತು. ತೆಗೆದು ಜೇಬಿಗೆ ಹಾಕಿಕೊಂಡೆ. ತರೀಕೆರೆ ಬರುವವರೆಗೂ ಜೇಬಿನಲ್ಲಿ ಕೈಯಿಟ್ಟು ಅದನ್ನು ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದೆ.

ಆಚಾರ್ರು ಹೊಟ್ಟಿನ ಗುಡ್ಡೆಯ ಪಕ್ಕ ಕೂತು ಟೀ ಕುಡಿಯುತ್ತಿದ್ದರು. "ಇಷ್ಟ್ ಬೇಗ ಬಂದ್ಬಿಟ್ರಾ?" ಎಂದರು. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಕುತ್ತಿಗೆಯನ್ನು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡೆ. ಕೆಂಪು ಗೆರೆಗಳ ಜಾಗದಲ್ಲಿ ಅವರು ಉಳಿಯಿಂದ ಸಣ್ಣಗೆ ಗುರುತು ಹಾಕಿದ್ದರು. ಟೇಪು ಹಿಡಿದೆ. ಹದಿನೈದು. ಇನ್ನೊಂದು ಮಗ್ಗುಲಿನಿಂದ ಹಿಡಿದೆ. ಹದಿನೈದು. ಟೇಪಿನ ಮೇಲೆ ನಂಬಿಕೆ ಸಾಲದೆ ಅವರ ಕಬ್ಬಿಣದ ಸ್ಕೇಲು ತೆಗೆದುಕೊಂಡೆ. ಆಗಲೂ ಹದಿನೈದೇ.

"ಹೆತ್ತ ಕೂಸಿಗೆ ಬೆರಳು ಎಣಿಸ್ದಂಗೆ ಎಣಿಸ್ತಿದ್ದೀರಲ್ರೀ" ಎಂದರು ಆಚಾರ್ರು.

"ಆ ಒಂದು ಬೆರಳು ಎಲ್ಲಿ ಕೂಡಿಸಿದ್ರಿ ಆಚಾರ್ರೇ?"

"ತಲೇಲಿ. ನಿಮ್ದು ಇಪ್ಪತ್ತನಾಲ್ಕಿಂಚು, ಬೆರಳಿಗೆ ಮುಕ್ಕಾಲಿಂಚಿನಂಗೆ ಮೂವತ್ತೆರಡು ಬೆರಳಾಯ್ತು. ಎಂಟರಿಂದ ಭಾಗಿಸಿದ್ರೆ ಏನೂ ಉಳಿಯಲ್ಲ. ಮೂವತ್ಮೂರು ಮಾಡ್ದೆ, ಒಂದು ಉಳೀತು, ಧ್ವಜಾಯ, ಎಲ್ಲಕ್ಕಿಂತ ಒಳ್ಳೇದು. ತುದಿಯಿಂದ ತುದಿಗಲ್ವಾ ನಮ್ಮ ಲೆಕ್ಕ? ತಲೇಲಿ ಸೇರಿಸ್ದೆ. ಮನುಷ್ಯಂಗೂ ಕಮ್ಮಿ ಇರೋದು ಅಲ್ಲೇ ಅಲ್ವಾ?"

"ನಡುವೆ ಸೇರಿಸಿದ್ದೀರೇನೋ ಅಂತ ಜೀವ ಹೋಗಿತ್ತು."

"ಕೆಂಪು ಗೆರೆ ಎಳೆದಿದ್ದೀರಿ. ಒಬ್ಬ ಕಸುಬಿನೋನು ಎಳೆದ ಗೆರೆ ಮಧ್ಯ ಇನ್ನೊಬ್ಬ ಕೈ ಹಾಕ್ತಾನೇನ್ರೀ?" ಅವರಿಗೆ ಸ್ವಲ್ಪ ಬೇಜಾರೇ ಆಯಿತು. ನಾನು ಅಲ್ಲೇ ಹೊಟ್ಟಿನ ಗುಡ್ಡೆಯ ಮೇಲೆ ಕೂತುಬಿಟ್ಟೆ. ಪ್ಯಾಂಟಿನ ತುಂಬ ಹೊಟ್ಟಾಯಿತು. ಅವರ ಟೀಯಲ್ಲಿ ಅರ್ಧ ನನಗೂ ಬಂತು. ಅಷ್ಟು ರುಚಿಯ ಟೀ ನಾನು ಯಾವತ್ತೂ ಕುಡಿದಿಲ್ಲ.

ಅಂಗಡಿಯಿಂದ ಖಾಕಿ ನಕ್ಷೆಯನ್ನೂ ಎತ್ತಿಕೊಂಡು ಮನೆಗೆ ಬಂದು, ಕುತ್ತಿಗೆಯನ್ನೂ, ತೂತುಗಳಿದ್ದ ಉಳಿದ ತುಂಡನ್ನೂ ಅಡುಗೆಮನೆ ಕಟ್ಟೆಯ ಮೇಲಿಟ್ಟೆ. ನಡೆದದ್ದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಆಚಾರ್ರು ಕೇಳ್ದೆ ಒಂದ್ ಬೆರಳು ಕೂಡಿಸಿದ್ದಕ್ಕೆ ಇಷ್ಟು ಓಡಾಟ. ನೀವು ಕೇಳ್ದೆ ನನ್ ಬ್ಲೌಸಿಗೆ ವರ್ಷ ವರ್ಷ ಅರ್ಧರ್ಧ ಇಂಚು ಕೂಡಿಸ್ತಿಲ್ವಾ?" ಎಂದಳು. ಇಷ್ಟು ವರ್ಷ ಅದು ಅವಳಿಗೆ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಆಮೇಲೆ ತೂತಿನ ತುಂಡನ್ನು ಎತ್ತಿ ಗೋಡೆಗೆ ಹಿಡಿದು ನೋಡಿದಳು. "ಇದನ್ನ ಇಲ್ಲಿ ಹೊಡೆದುಕೊಡಿ. ಸೌಟು ನೇತು ಹಾಕೋಕಾಗುತ್ತೆ." ಮೊಳೆ ತರಲು ಹೊರಟವನು ಬಾಗಿಲಲ್ಲೇ ನಿಂತೆ. ಅವಳು ಕುತ್ತಿಗೆಯನ್ನು ಭುಜಕ್ಕೆ ಆನಿಸಿಕೊಂಡಿದ್ದಳು. ಹೆಬ್ಬೆರಳು ಉಳಿಯ ಗುರುತಿನ ಮೇಲೆ ಹೋಗಿ ಬರುತ್ತಿತ್ತು.

"ಮರ ಸರಿಯಾಗಿ ಬಂತಲ್ಲ" ಎಂದಳು.

"ಬಂತು."

"ಪೆನ್ಸಿಲ್ ತಗೊಳ್ಳಿ ಮತ್ತೆ."

ಗಂಟಲು ಸರಿಮಾಡಿಕೊಂಡು ಷಡ್ಜ ಹಿಡಿದಳು. ಮೊದಲು ಸ್ವಲ್ಪ ನಡುಗಿತು, ಆಮೇಲೆ ನಿಂತಿತು. ಶೆಲ್ಫಿನ ಮೇಲಿನ ಪಾತ್ರೆಗಳಿಗೂ ಕೇಳಿಸುವಂತೆ ನಿಂತಿತು. ಫೋನಿನ ಶ್ರುತಿಪೆಟ್ಟಿಗೆ ಹಾಕಿ ಹೊಂದಿಸಿದೆ. ಮೊದಲು ಐದಿದ್ದದ್ದು ಈಗ ಎರಡೂವರೆ ಮನೆ. ಪೆಟ್ಟಿಗೆಯ ಹಲಗೆ ಇನ್ನೂ ಬಾಗಿಸಬೇಕು, ಮುಂಭಾಗದ ತೆಳು ಹಲಗೆ ಬರಬೇಕು, ಕೆಲಸ ಇನ್ನೂ ಒಂದು ವರ್ಷಕ್ಕಾಗುವಷ್ಟಿದೆ. ಖಾಕಿ ಕಾಗದದ ಮೂಲೆಯ ಚೌಕದಲ್ಲಿ 'ಎರಡೂವರೆ' ಎಂದು ಬರೆದೆ. ಆಮೇಲೆ ಜೇಬಿನಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು ನಕ್ಷೆಯ ತಲೆಯನ್ನು ಒಂದು ಬೆರಳು ಉದ್ದ ಮಾಡಿದೆ.