ಪಿಂಜರಕ್ಕೆ ಬಗ್ಗದ ನೀರುನಾಯಿ

ಬಸವಕಲ್ಯಾಣದ ಹಳೆ ಬಜಾರಿನಲ್ಲಿ ನನ್ನದೊಂದು ಪಿಂಜರದ ಅಂಗಡಿ ಇದೆ. ಇಲಿಬೋನು, ಹೆಗ್ಗಣದ ಬೋನು, ಕೋಳಿಗೂಡು, ಹೀಗೆ ತಂತಿ ತಗಡಿನಲ್ಲಿ ಆಗುವುದನ್ನೆಲ್ಲ ಮಾಡುತ್ತೇನೆ. ಮಾಡಿ, ಮಾರಿ, ಸುಮ್ಮನೆ ಕೂರುವ ಪೈಕಿ ನಾನಲ್ಲ. ಬೋನು ಒಯ್ದವನು ಮರುದಿನ ಬಂದು "ಏನೂ ಬೀಳಲಿಲ್ರಿ" ಅಂದರೆ ನನ್ನ ಪಿತ್ತ ನೆತ್ತಿಗೇರುತ್ತದೆ. ತಪ್ಪು ಬೋನಿನದಲ್ಲಪ್ಪಾ, ಇಟ್ಟವನದು ಎಂದು ತೋರಿಸಲು ಅಂಗಡಿ ಮುಚ್ಚಿ ಅವನ ಸಂಗಡ ಹೊರಟುಬಿಡುತ್ತೇನೆ. "ನಿಮಗ ದುಕಾನ ಯಾಕ ಬೇಕ್ರಿ, ಜಂಗಲದಾಗ ಹೋಗಿ ಕೂಡ್ರಿ" ಎಂದು ಹೆಂಡತಿ ದಿನಾ ಹಂಗಿಸುತ್ತಾಳೆ. ಅವಳು ಹಂಗಿಸಿದಷ್ಟೂ ನನಗೆ ಖುಷಿಯೇ.

ನೀರಿನ ಆಸರೆಯಲ್ಲಿ ಬದುಕುವ ರೋಮದ ಪ್ರಾಣಿಗಳಲ್ಲಿ ಹಿಡಿಯಲು ಹಗುರ ಯಾವುದು ಎಂದು ಕೇಳಿದರೆ, ಹೆಗ್ಗಣ. ಹುಮನಾಬಾದಿನ ದವಸದ ಗಂಜ್ ಮಾರುಕಟ್ಟೆಯ ಹಿಂದೆ ದೊಡ್ಡ ಗಟಾರು ಹರಿಯುತ್ತದೆ. ಅಲ್ಲಿಯ ಹೆಗ್ಗಣಗಳು ತೊಗರಿ, ಕಡಲೆ ತಿಂದು ಬೆಕ್ಕಿನಷ್ಟು ಬೆಳೆದಿರುತ್ತವೆ, ಗಟಾರಿನಲ್ಲಿ ಈಜುತ್ತಾ ಓಡಾಡುತ್ತವೆ. ಅದಕ್ಕೆ ಕಾಳು ಇಟ್ಟು ಕರೆದರೆ ಯಾಕೆ ಬಂದೀತು? ಕಾಳಿನ ರಾಶಿಯ ಮೇಲೇ ಅದು ಮಲಗುವುದು. ಒಂದು ತುಂಡು ಒಣಮೀನು ಸುಟ್ಟು ಇಡಬೇಕು. ಬೋನಿಗೆ ಮನುಷ್ಯನ ಕೈವಾಸನೆ ಹೋಗುವಂತೆ ಹೊಗೆ ಹಿಡಿಯಬೇಕು. ಇಷ್ಟು ಮಾಡಿದರೆ ಬೆಳಗಾಗುವುದರೊಳಗೆ ಒಳಗೆ ಕೂತು ಹಲ್ಲು ಕಡಿಯುತ್ತಿರುತ್ತದೆ. ಹೊಟ್ಟೆಬಾಕನನ್ನು ಹಿಡಿಯುವುದು ದೊಡ್ಡ ವಿದ್ಯೆಯೇನಲ್ಲ.

ಜೊಂಡಿನ ಬೆಕ್ಕು ಅದಕ್ಕಿಂತ ಕಷ್ಟ. ಕೆರೆಯ ಜೊಂಡಿನಲ್ಲಿ ಅಡಗಿರುವ, ಉದ್ದ ಕಾಲಿನ ಕಾಡುಬೆಕ್ಕು ಅದು. ಒಮ್ಮೆ ಒಬ್ಬರ ಕೋಳಿಗೂಡಿಗೆ ಗಂಟುಬಿದ್ದಿತ್ತು. ಪಿಂಜರದ ಮೇಲೆ ಜೊಂಡು ಹೊದಿಸಿ, ಕೆಳಗೆ ಮಣ್ಣು ಹಾಸಿ, ಇಟ್ಟಿದ್ದನ್ನು ಮರೆತವನಂತೆ ಇರಬೇಕಾಯಿತು. ದಿನಕ್ಕೊಮ್ಮೆ ಬಂದು ಮೂಸಿ, ನನ್ನನ್ನು ಅಣಕಿಸಿ ಹೋಗುತ್ತಿತ್ತು. ಕೊನೆಗೊಂದು ದಿನ ಬಿತ್ತು. ದೂರದ ಕುರುಚಲಿಗೆ ಒಯ್ದು ಬಿಟ್ಟು, ಆ ಮನೆಯವರಿಗೆ ಗೂಡಿನ ಬಾಗಿಲು ಸರಿಯಾಗಿ ಹಾಕುವುದನ್ನು ಕಲಿಸಿ ಬಂದೆ. ಬೆಕ್ಕು ಹಿಡಿಯಲು ಬೇಕಾಗುವುದು ತಾಳ್ಮೆ. ನನ್ನಲ್ಲಿ ಅದು ಬೆಕ್ಕಿನ ಮಟ್ಟಿಗೆ ಮಾತ್ರ ಇದೆ.

ಇನ್ನು ನೀರುನಾಯಿ. ಅದರ ಸುದ್ದಿ ಕೇಳಿದ್ದೆನೇ ಹೊರತು ಎದುರಾಗಿರಲಿಲ್ಲ. ಮೊನ್ನೆಯ ಮಳೆಗಾಲ ಮುಗಿಯುತ್ತಿದ್ದಾಗ ಬೇಮಳಖೇಡದಿಂದ ಅಕ್ಕ ಫೋನ್ ಮಾಡಿದಳು. ಅಳುತ್ತಿದ್ದಳು.

"ಹೊಲದ ಬಾವ್ಯಾಗ ನೀರನಾಯಿ ಮರಿ ಬಿದ್ದದೋ. ಮುಂಜಾನಿಂದ ಈಸಾಕತ್ತದ. ನಿನ್ನ ಪಿಂಜರಾ ತೊಗೊಂಡು ಲಗೂನ ಬಾ. ಅದು ಸಾಯಬಾರದು."

ಅವಳು ಯಾಕೆ ಅಷ್ಟು ಹೆದರಿದ್ದಳೆಂದು ನನಗೆ ಗೊತ್ತಿತ್ತು. ಅವಳ ಮಗಳು ಬಾಣಂತಿ. ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ, ಇದು ಉಳಿದ ಕೂಸು. ಆ ಹುಡುಗಿ ಹೆದರಿಕೆಯಿಂದ ಕೂಸನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ತನ್ನ ತಾಯಿಯ ಕೈಗೂ ಇಲ್ಲ. ನಮ್ಮಲ್ಲಿ ಬಾಣಂತಿ ಬಾವಿಗೆ ಹೋಗಿ ಗಂಗಿ ಪೂಜೆ ಮಾಡಿ, ತನ್ನ ಕೈಯಿಂದ ನೀರು ಸೇದಿದ ಮೇಲೇ ಮೊದಲಿನಂತೆ ಮನೆಯ ಕೆಲಸಕ್ಕೆ ಇಳಿಯುವುದು. ಅಲ್ಲಿಯವರೆಗೆ ಹೊಸ್ತಿಲು ದಾಟುವಂತಿಲ್ಲ. ಪೂಜೆ ಆ ವಾರವೇ, ಅದೇ ಹೊಲದ ಬಾವಿಯಲ್ಲಿ ಇತ್ತು. ಪೂಜೆಯ ಬಾವಿಯಲ್ಲೇ ಒಂದು ಮರಿ ಸತ್ತು ತೇಲಿದರೆ ಆ ಹುಡುಗಿಯ ಮನಸ್ಸು ಏನಾದೀತು?

ಬೈಕಿನ ಹಿಂದೆ ದೊಡ್ಡ ಪಿಂಜರ ಕಟ್ಟಿಕೊಂಡು ಹೊರಟೆ. ಹುಮನಾಬಾದ್ ದಾಟುವಾಗ ಮೀನು ಕೊಂಡೆ. ಅರಣ್ಯ ಇಲಾಖೆಗೆ ಫೋನ್ ಹಚ್ಚಿದರೆ, "ಅದನ್ನ ಹಿಡಿಯೋದು ಗುನ್ನೆ ಅದ ನೋಡ್ರಿ. ನಮ್ಮವರು ದೂರ ಅದಾರ, ಬರ್ತಾರ" ಅಂದರು. "ಹಿಡಿಯಾಕಲ್ರಿ, ಉಳಿಸಾಕ" ಅಂದೆ. "ಹಂಗಾದ್ರ ಹುಷಾರ್ರಿ" ಅಂದರು.

ನಾನು ಹೋಗುವಷ್ಟರಲ್ಲಿ ಭಾವ ತನ್ನ ವಿದ್ಯೆ ತೋರಿಸುತ್ತಿದ್ದ. ಅಕ್ಕನ ಗಂಡ ಇವನು, ಊರಿನ ಬಾವಿಗಳಿಗೆ ಬಿದ್ದ ಬೆಕ್ಕುಗಳನ್ನೆಲ್ಲ ಎತ್ತಿದವನು. ಹೊರಸಿನ, ಅಂದರೆ ಹಗ್ಗದ ಮಂಚದ, ನಾಲ್ಕು ಕಾಲಿಗೆ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟರೆ ಬೆಕ್ಕು ಹಾರಿ ಕೂತುಕೊಳ್ಳುತ್ತದೆ, ಎಳೆದರೆ ಉಗುರೂರಿ ಅಪ್ಪಿಕೊಳ್ಳುತ್ತದೆ. ಇಲ್ಲೂ ಅದನ್ನೇ ಮಾಡಿದ್ದ. ಮರಿ ಹೊರಸು ಹತ್ತಿತು. ಸುತ್ತ ನೆರೆದ ಜನ "ಹತ್ತಿತು, ಹತ್ತಿತು, ಎಳೀರಿ!" ಎಂದು ಕೂಗಿದರು. ಹಗ್ಗ ಬಿಗಿಯಾಗುತ್ತಲೇ ಮರಿ ಬುಳುಕ್ಕನೆ ನೀರಿಗೆ ಹಾರಿತು. ಮತ್ತೆ ಇಳಿಬಿಟ್ಟ, ಮತ್ತೆ ಹತ್ತಿತು, ಮತ್ತೆ ಹಾರಿತು.

"ಅಲ್ಲೋ ಭಾವ, ಬೆಕ್ಕಿಗೆ ನೀರಂದ್ರ ಸಾವು. ಇದಕ್ಕ ಅದs ಮನಿ. ಅಂಜಿದ್ರ ಮನಿಗೇ ಓಡ್ತದ" ಎಂದು ಬೈದೆ. ಬೈಯುವುದು ಸುಲಭ. ನಾನು ಮಾಡಿದ್ದೇನು? ಪಿಂಜರದಲ್ಲಿ ಮೀನು ಕಟ್ಟಿ ಅರ್ಧ ಮುಳುಗುವಂತೆ ಇಳಿಬಿಟ್ಟೆ. ಮರಿ ಸುತ್ತ ಈಜಿತು, ಮೀಸೆಯಿಂದ ತಂತಿ ಸವರಿತು. ಆಮೇಲೆ ಹೊರಗಿನಿಂದಲೇ ಮುಂಗೈ ತೂರಿಸಿ, ಮೀನನ್ನು ಚೂರುಚೂರಾಗಿ ಕಿತ್ತು ತಿಂದಿತು. ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

"ಏನಪಾ ಪಿಂಜರದ ಸಾಹುಕಾರ, ಪಂಗತಿ ಹಾಕ್ದಿ ಏನು?" ಎಂದ ಭಾವ. ಜನ ನಕ್ಕರು. ನನಗೂ ನಗು ಬಂತು, ಆದರೆ ನಗುವ ಹೊತ್ತು ಅದಾಗಿರಲಿಲ್ಲ. ಅರಣ್ಯ ಇಲಾಖೆಯವರ ಸುಳಿವಿರಲಿಲ್ಲ. ಬಾವಿಯ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದ್ದರಿಂದ ಕಾಲೂರಲು ಒಂದು ಸಂದೂ ಇರಲಿಲ್ಲ. ಮರಿ ಮೋಟಾರಿನ ಪೈಪು ಅಪ್ಪಿಕೊಂಡು ತೇಕುತ್ತಿತ್ತು. ಹೊಲದಾಚೆಯ ನಾಲೆಯ ಕಡೆಯಿಂದ ತಾಯಿ ಸಿಳ್ಳೆ ಹಾಕಿದಂತೆ ಕೂಗುತ್ತಿತ್ತು, ಮರಿ ಸಣ್ಣ ದನಿಯಲ್ಲಿ ಓಗೊಡುತ್ತಿತ್ತು.

ಆಗ ಹಿಂದಿನಿಂದ ಅಕ್ಕ ಚೀರಿದಳು: "ಅಯ್ಯ, ನೀ ಯಾಕ ಹೊರಗ ಬಂದೀ? ಪೂಜಿ ಆಗಿಲ್ಲ, ಏನಿಲ್ಲ!"

ಬಾಣಂತಿ ತಲೆಗೆ ಅರಿವೆ ಕಟ್ಟಿಕೊಂಡು, ಕೂಸನ್ನು ಎದೆಗವಚಿಕೊಂಡು ಬಂದು ನಿಂತಿದ್ದಳು. ತಾಯಿಯ ಕಡೆ ನೋಡಲೂ ಇಲ್ಲ. ನನಗೆ ಅಂದಳು, "ಮಾಮಾ, ನೀವು ಹಿಂಗ ಸುತ್ತ ನಿಂತ್ರ ಅದರ ತಾಯಿ ಹ್ಯಾಂಗ ಬರ್ತಾಳ? ಹೆರೋ ಹೊತ್ತಿನಾಗ ನನ್ನ ಸುತ್ತನೂ ಹೆಂಗಸ್ರೆಲ್ಲಾ ಹಿಂಗs ನಿಂತಿದ್ರು. ಉಸಿರು ಕಟ್ಟಿತ್ತು ನನಗ. ಹಿಡಿಯೋದು ಬಿಡ್ರಿ. ದಾರಿ ಮಾಡಿ ದೂರ ಹೋಗ್ರಿ."

ಇಷ್ಟು ವರ್ಷ ಪ್ರಾಣಿಯನ್ನು ಒಳಗೆ ಕರೆಯುವುದು ಹೇಗೆಂದೇ ಯೋಚಿಸಿದವನು ನಾನು. ಇಲ್ಲಿ ಬೇಕಾಗಿದ್ದು ಅದು ಹೊರಗೆ ಹೋಗುವ ದಾರಿ. ಮಳೆಯಿಂದ ಬಾವಿ ತುಂಬಿ, ನೀರು ಕಟ್ಟೆಯಿಂದ ಒಂದಾಳು ಕೆಳಗಷ್ಟೇ ಇತ್ತು. ಭಾವನೂ ನಾನೂ ಹೊರಸು, ಪಿಂಜರ ಮೇಲೆಳೆದು ಬದಿಗಿಟ್ಟು, ಬಿದಿರಿನ ಉದ್ದ ಏಣಿಗೆ ಗೋಣಿಚೀಲ ಸುತ್ತಿ, ಕಾಲು ಜಾರದಂತೆ ಓರೆಯಾಗಿ ನೀರಿಗಿಳಿಸಿ ಕಟ್ಟಿದೆವು. ಜನರನ್ನು ಬೈದು ಅಟ್ಟಿದೆ. ನಾವು ನಾಲ್ವರು ತೊಗರಿಯ ಸಾಲಿನ ಹಿಂದೆ ಕುಳಿತೆವು. ಕೂಸು ಅಳುತ್ತದೇನೋ ಎಂದು ನನಗೆ ಹೆದರಿಕೆ. ಅದು ಹಾಲು ಕುಡಿಯುತ್ತಾ ತೆಪ್ಪಗಿತ್ತು.

ಹೊತ್ತು ಇಳಿಯುತ್ತಿದ್ದಾಗ ತಾಯಿ ಬಂತು. ಒದ್ದೆ ಮೈ, ಚಪ್ಪಟೆ ತಲೆ. ನಿಂತು, ಮೂಸಿ, ನನ್ನ ಪಿಂಜರವನ್ನು ಒಂದು ಸುತ್ತು ಹಾಕಿ, ದಡದಡ ಏಣಿ ಇಳಿಯಿತು. ಆಮೇಲೆ ಏನೂ ಕಾಣಿಸಲಿಲ್ಲ. ನೀರಿನ ಸದ್ದಷ್ಟೇ ಕೇಳುತ್ತಿತ್ತು. ಅಕ್ಕ ನನ್ನ ರಟ್ಟೆ ಚಿವುಟಿ ಹಿಡಿದಿದ್ದಳು. ಎಷ್ಟೋ ಹೊತ್ತಿನ ಮೇಲೆ ಏಣಿಯ ತುದಿಯಲ್ಲಿ ಆ ಚಪ್ಪಟೆ ತಲೆ ಎದ್ದಿತು. ಬಾಯಲ್ಲಿ ಮರಿಯ ಕುತ್ತಿಗೆ. ನೆಲಕ್ಕಿಟ್ಟು ಅದರ ಮೈಯೆಲ್ಲ ನೆಕ್ಕಿ, ನಾಲೆಯ ಕಡೆ ನಡೆಯಿತು. ಮರಿ ಬಿದ್ದು ಎದ್ದು ಹಿಂದೆ ಓಡಿತು.

"ಉಳೀತು ನೋಡವ್ವಾ" ಎಂದು ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗಳನ್ನು ಬೈಯಲಿಲ್ಲ. "ಹೊಸ್ತಿಲು ಹೆಂಗೂ ದಾಟೀದಿ. ಇನ್ನ ಆ ದಿನಾ ಈ ದಿನಾ ಯಾಕ, ಗಂಗಿ ಪೂಜಿ ಈಗs ಆಗಲಿ" ಎಂದು ಮನೆಗೆ ಓಡಿ ಅರಿಶಿನ, ಕುಂಕುಮ, ಕೊಡ, ಹಗ್ಗ ತಂದಳು. ಬಾವಿಯ ಕಟ್ಟೆಗೆ ಅರಿಶಿನ ಹಚ್ಚಿದಳು, ಮಗಳು ಕುಂಕುಮ ಇಟ್ಟಳು. ಇನ್ನು ನೀರು ಸೇದಬೇಕು. ಸೇದಲು ಎರಡು ಕೈ ಬೇಕು.

ಹುಡುಗಿ ಒಂದು ಗಳಿಗೆ ಕೂಸಿನ ಮುಖ ನೋಡಿದಳು. ಆಮೇಲೆ ಹತ್ತಿರದಲ್ಲಿ ನಿಂತಿದ್ದ ನನ್ನ ಕಡೆ ಚಾಚಿದಳು.

"ಹಿಡೀರಿ ಮಾಮಾ."

ಹಿಡಿದೆ. ಬೆಚ್ಚಗಿತ್ತು, ಎದೆಗೆ ಒದೆಯುತ್ತಿತ್ತು. ಅವಳು ಕೊಡ ಇಳಿಬಿಟ್ಟು ಬಗ್ಗಿ ನೀರು ಸೇದಿದಳು. ತುಂಬಿದ ಕೊಡ ಮೇಲೆ ಬರುವವರೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ.